ಕಥೆ ಯಾರದ್ದು, ಕೇಳಬೇಕಾದವರು ಯಾರು?

ಬಸ್ಸಲ್ಲಿ ನಿಂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರಲಿ ಅಂತ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ. ನಾನು ನುಗ್ಗೇಹಳ್ಳಿ ಮನೆಯಿಂದ ಮಾತಾಡ್ತಿದ್ದೀನಿ. ಹಗಲು ಹೊತ್ತು ಪಕ್ಕದ ಹಿಟ್ಟಿನ ಗಿರಣಿ ಸದ್ದು, ಅದಕ್ಕೇ ಯಾವಾಗ್ಲೂ ರಾತ್ರಿ ರೆಕಾರ್ಡಿಂಗ್. ಇವತ್ತಿನ ಮಾತು ನಾನು ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತೆ.

ಸ್ವಲ್ಪ ದಿನದ ಹಿಂದೆ ಬಾನು ಮುಷ್ತಾಕ್ ಅವರ ಕಥೆಗಳ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ಬಾನು ಅವರು ನಮ್ಮ ಹಾಸನದವರು, ವಕೀಲರು. 2025ರ ಮೇ 20ರಂದು ಲಂಡನ್‌ನಲ್ಲಿ ಅವರ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 12 ಕಥೆಗಳು ಅದರಲ್ಲಿವೆ. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು.

ಎಪಿಸೋಡ್ ಅಪ್‌ಲೋಡ್ ಮಾಡೋವಾಗ ಏನಾದ್ರೂ ಒಂದು ಹೆಸರು ಕೊಡಬೇಕಲ್ಲ? ಜಾಸ್ತಿ ಯೋಚನೆ ಮಾಡದೆ ‘ಮಹಿಳಾ ವಿಶೇಷ’ ಅಂತ ಹಾಕಿದೆ. ಬರೆದವರು ಮಹಿಳೆ, ಕಥೆಯಲ್ಲಿರೋರು ಮಹಿಳೆಯರು. ಸರಿ ಇದೆ ಅನ್ಕೊಂಡೆ.

ಅಮ್ಮ ಅವರೆಕಾಯಿ ಸುಲೀತಾ ಪೂರ್ತಿ ಕೇಳಿದ್ರು. ಮುಗಿದ ಮೇಲೆ, ‘ಅಲ್ಲ ಕಣೋ, ಹೆಂಗಸ್ರ ವಿಶೇಷ ಅಂತ ಯಾಕ್ ಹಾಕಿದ್ದೀಯ? ಇದ್ರಲ್ಲಿ ಇರೋದು ನಂಗೆ ಹೊಸ್ದೇನಲ್ಲ. ಇದು ನಿಮ್ಮಪ್ಪ ಕೇಳ್ಬೇಕಾದ್ದು’ ಅಂದ್ರು.

ಅಪ್ಪ ಅಲ್ಲೇ ಕೂತಿದ್ರು. ನನ್ನ ಎಲ್ಲಾ ಎಪಿಸೋಡ್ ತಪ್ಪದೆ ಕೇಳೋರು, ಇದೊಂದನ್ನ ಬಿಟ್ಟಿದ್ರು. ಯಾಕೆ ಅಂತ ಕೇಳಿದ್ರೆ, ‘ಹೆಂಗಸ್ರದ್ದು ಅಂತ ನೀನೇ ಬರ್ದಿದ್ಯಲ್ಲಪ್ಪ’ ಅಂದ್ರು.

ನಾನು ಓದಿರೋದು ಬಿ.ಕಾಂ. ಅಕೌಂಟ್ಸ್ ಕ್ಲಾಸಲ್ಲಿ ಮೊದಲು ಕಲಿಸೋ ವಿಷಯ ಒಂದಿದೆ. ಅಂಗಡಿಗೆ ಫರ್ನಿಚರ್ ತಂದು, ಅದನ್ನ ಪರ್ಚೇಸ್ ಅಕೌಂಟಿಗೆ ಬರೆದುಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಎರಡೂ ಕಡೆ ಮೊತ್ತ ಸರಿ ಬರುತ್ತೆ, ತಪ್ಪು ಮಾತ್ರ ಒಳಗೇ ಇರುತ್ತೆ. ನನ್ನ ‘ಮಹಿಳಾ ವಿಶೇಷ’ ಕೂಡ ಅಂಥದ್ದೇ. ಹೊರಗಿಂದ ನೋಡಿದ್ರೆ ಸರಿ, ಆದರೆ ಕಥೆ ಹೋಗಬೇಕಾದ ಖಾತೆಗೆ ಹೋಗಲಿಲ್ಲ.

‘ಎದೆಯ ಹಣತೆ’ ಕಥೆಯನ್ನೇ ತಗೊಳ್ಳಿ. ಕೊನೆ ಹೇಳಿಬಿಡ್ತೀನಿ, ಓದದೇ ಇರೋರು ಕ್ಷಮಿಸಿ. ಗಂಡ ಬೇರೆ ಹೆಂಗಸಿನ ಹಿಂದೆ ಹೋದ ಅಂತ ಮೆಹರುನ್ ತವರಿಗೆ ಬರ್ತಾಳೆ. ಒಡಹುಟ್ಟಿದೋರು ಮರ್ಯಾದೆಯ ಮಾತಾಡಿ ವಾಪಸ್ ಕರ್ಕೊಂಡು ಹೋಗಿ ಗಂಡನ ಮನೆಗೇ ಬಿಡ್ತಾರೆ. ಆ ರಾತ್ರಿ ಅವಳು ಸಾಯೋಕೆ ಹೊರಟಾಗ ತಡೆಯೋದು ಮಗಳು ಸಲ್ಮಾ. ದೊಡ್ಡ ಗಂಡಸರು ಕೈಬಿಟ್ಟ ಜೀವವನ್ನ ಒಬ್ಬ ಹುಡುಗಿ ಹಿಡಿದು ನಿಲ್ಲಿಸ್ತಾಳೆ.

ಇದು ಹೆಂಗಸಿನ ಕಥೆ, ನಿಜ. ಆದರೆ ಇದರಲ್ಲಿ ನಿರ್ಧಾರ ತಗೊಂಡೋರು ಯಾರು? ಗಂಡ, ಅಣ್ಣತಮ್ಮಂದಿರು. ಅವರಂಥೋರು ಕೇಳದೇ ಇರೋ ಹಾಗೆ ಬಾಗಿಲು ಹಾಕಿದೋನು ನಾನು.

ಈ ಅಭ್ಯಾಸ ನನ್ನಿಂದ ಶುರುವಾದದ್ದಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಬರೆದ ಕಾದಂಬರಿಗಳನ್ನ ‘ಅಡುಗೆಮನೆ ಸಾಹಿತ್ಯ’ ಅಂತ ಹಗುರ ಮಾಡಿದ ಕಾಲ ಇತ್ತು. ತ್ರಿವೇಣಿ ಅವರ ‘ಶರಪಂಜರ’ ನೋಡಿ. ಮನಸ್ಸಿನ ಕಾಯಿಲೆಯಿಂದ ವಾಸಿಯಾಗಿ ಬಂದ ಹೆಂಡತಿಯನ್ನ ಮನೆಯವರು, ಅಕ್ಕಪಕ್ಕದೋರು ಹುಚ್ಚಿ ಅಂತಲೇ ನೋಡ್ತಾರೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಮೆಂಟಲ್ ಹೆಲ್ತ್ ಅಂತ ನಾವೀಗ ರೀಲ್ಸಲ್ಲಿ ಮಾತಾಡೋದನ್ನ ಅವರು ಅಷ್ಟು ಹಿಂದೆಯೇ ಬರೆದಿದ್ರು. ಅದು ಬರೀ ಅಡುಗೆಮನೆ ವಿಷಯವಾ?

ವಯಸ್ಸಿನ ಲೆಕ್ಕದಲ್ಲೂ ಹೀಗೇ ಮಾಡ್ತೀವಿ. ಹೀರೋ ಹುಡುಗನಾದ್ರೆ ‘ಮಕ್ಕಳ ಸಿನಿಮಾ’. 1985ರ ‘ಬೆಟ್ಟದ ಹೂವು’ ಪುನೀತ್‌ಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳೋಕೆ ಒಬ್ಬ ಬಡ ಹುಡುಗ ದುಡ್ಡು ಕೂಡಿಡ್ತಾನೆ. ಕೊನೆಗೆ ಆ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತರ್ತಾನೆ. ಚಿಕ್ಕವನಿದ್ದಾಗ ನೋಡಿ ‘ಒಳ್ಳೇ ಹುಡುಗ’ ಅನ್ಕೊಂಡಿದ್ದೆ. ದುಡಿಯೋಕೆ ಶುರು ಮಾಡಿದ ಮೇಲೆ ನೋಡಿದಾಗ ಗಂಟಲು ಕಟ್ಟಿತು. ಆಸೆ ಒಂದು ಕಡೆ, ಮನೆ ಜವಾಬ್ದಾರಿ ಇನ್ನೊಂದು ಕಡೆ. ಅದು ನಮ್ಮ ವಯಸ್ಸಿನೋರ ಕಥೆನೇ.

ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು. ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಬೈಚೋಜ, ಮಲ್ಲಿತಮ್ಮ ಅನ್ನೋ ಶಿಲ್ಪಿಗಳ ಕೈಕೆಲಸ ನೋಡೋಕೆ ದೂರದಿಂದ ಜನ ಬರ್ತಾರೆ. ನರಸಿಂಹ ಕಂಬದಿಂದ ಬಂದದ್ದು ಯಾರಿಗಾಗಿ? ಅಪ್ಪನಿಗೆ, ಅದೂ ರಾಜನಾದ ಅಪ್ಪನಿಗೆ ‘ಇಲ್ಲ’ ಅಂದ ಒಬ್ಬ ಹುಡುಗನಿಗಾಗಿ. ಪ್ರಹ್ಲಾದನದ್ದು ಮಕ್ಕಳ ಕಥೆ, ದೊಡ್ಡೋರಿಗೆ ಬೇಡ ಅಂತ ನಮ್ಮೂರಲ್ಲಿ ಯಾರೂ ಅಂದಿಲ್ಲ. ಹಾಗಂದ್ರೆ ನಮಗೆ ಈ ಬುದ್ಧಿ ಮೊದಲಿಂದಲೂ ಇತ್ತು. ಹೊಸ ಕಥೆ ಬಂದಾಗ ಮಾತ್ರ ಮರೀತೀವಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹೆಣ್ಣು ಮುಖ್ಯಪಾತ್ರ ಇದೆ ಅನ್ನೋ ಒಂದೇ ಕಾರಣಕ್ಕೆ ಒಂದು ಕಥೆನ ಹೊಗಳೋದೂ ಸೋಮಾರಿತನವೇ. ಅಲ್ಲೂ ನಾವು ಕಥೆ ಓದಿರಲ್ಲ, ಲೇಬಲ್ ಓದಿರ್ತೀವಿ. ಹಾಗಂತ ಪಾತ್ರ ಯಾರಾದ್ರೂ ಒಂದೇ ಅಂತ ನಾನು ಹೇಳ್ತಿಲ್ಲ. ಮೆಹರುನ್ ಹೆಣ್ಣಾಗಿರೋದಕ್ಕೇ ಅವಳಿಗೆ ಹೀಗಾಯ್ತು, ಅದನ್ನ ಅಳಿಸಿದ್ರೆ ಕಥೆನೇ ಇಲ್ಲ. ನಾನು ಹೇಳೋದಿಷ್ಟೇ: ಕಥೆ ಯಾರ ಬಗ್ಗೆ ಅನ್ನೋದರಿಂದ ಅದು ಯಾರಿಗೆ ಅನ್ನೋದನ್ನ ತೀರ್ಮಾನ ಮಾಡಬೇಡಿ. ಎಷ್ಟೋ ಸಲ ಅದು ಬೇಕಾಗಿರೋದು ಕಥೆಯಲ್ಲಿ ಇಲ್ಲದೋರಿಗೆ, ಇಲ್ಲಾ ಮೂಲೆಯಲ್ಲಿ ನಿಂತಿರೋರಿಗೆ.

ಈಗ ಹೇಳೋದನ್ನ ಅಪ್ಪನನ್ನ ಕೇಳಿಯೇ ಹೇಳ್ತಿದ್ದೀನಿ. ತುಂಬಾ ಹಿಂದೆ ನಮ್ಮ ಅತ್ತೆ ಗಂಡನ ಮನೆ ಬಿಟ್ಟು ಬಂದಿದ್ರಂತೆ. ಒಂದು ವಾರ ಇಟ್ಕೊಂಡು, ಅಪ್ಪನೇ ಬಸ್ಸಲ್ಲಿ ಕರ್ಕೊಂಡು ಹೋಗಿ ಬಿಟ್ಟು ಬಂದ್ರಂತೆ. ಅಮ್ಮ ಯಾಕೆ ಹಾಗಂದ್ರು ಅಂತ ನನಗೆ ಆಮೇಲೆ ಗೊತ್ತಾಯ್ತು.

ಹೆಸರು ಬದಲಾಯಿಸಿ ಎಪಿಸೋಡನ್ನ ಮತ್ತೆ ಹಾಕಿದೆ. ಅಪ್ಪ ಜಗಲಿ ಮೇಲೆ ಕೂತು ಕೇಳಿದ್ರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ್ರು: ‘ಅವ್ಳನ್ನ ಬಿಟ್ ಬಂದ್ರಲ್ಲ, ಅವರು ಆಮೇಲೆ ಏನಾದ್ರು?’

‘ಕಥೇಲಿ ಅದಿಲ್ಲ ಅಪ್ಪ’ ಅಂದೆ. ಅವರು ಫೋನ್ ವಾಪಸ್ ಕೊಟ್ಟು ಸುಮ್ಮನೆ ಕೂತ್ರು.

ನಿಮಗೊಂದು ಕೆಲಸ ಕೊಡ್ತೀನಿ. ‘ಇದು ನನಗಲ್ಲ’ ಅಂತ ನೀವು ಪಕ್ಕಕ್ಕಿಟ್ಟ ಒಂದು ಕಥೆನೋ ಸಿನಿಮಾನೋ ಇರುತ್ತಲ್ಲ, ಈ ವಾರ ಅದನ್ನ ನೋಡಿ. ಆಮೇಲೆ ಮನೆಯಲ್ಲಿ ಅದನ್ನ ಕೇಳಬೇಕಾದೋರ ಪಕ್ಕ ಕೂತು ಒಂದ್ಸಲ ಜೋರಾಗಿ ಹಾಕಿ. ಇಯರ್‌ಫೋನ್ ಬೇಡ.

ಮುಂದಿನ ವಾರ ಸಿಗೋಣ. ನಮಸ್ಕಾರ.