ಮಾಳಿಗೆಯ ಮೇಲೊಂದು ದೂರದರ್ಶಕ

ಮನೆಯಲ್ಲಿ ದೂರದರ್ಶಕವೊಂದಿದೆಯೆಂದು ತಿಳಿದವರು ಮೊದಲು ಕೇಳುವುದು, 'ಅದರೊಳಗೆ ಎಷ್ಟು ದೂರ ಕಾಣುತ್ತದೆ?' ಎಂದು. ದೂರದ ಮಾತಿನಲ್ಲಿ ಬರಿಗಣ್ಣೇನೂ ಬಡವಲ್ಲ. ಕಾರ್ತಿಕಮಾಸದ ಕತ್ತಲಲ್ಲಿ ಮಸುಕು ಮಚ್ಚೆಯಂತೆ ತೋರುವ ಆಂಡ್ರೊಮೀಡಾ ಗೆಲಾಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯದು. ಅದನ್ನು ಕಾಣಲು ಯಂತ್ರವೇ ಬೇಡ. ದೂರದರ್ಶಕದ ಹೆಚ್ಚುಗಾರಿಕೆಯಿರುವುದು ಬೆಳಕನ್ನು ಕೂಡಿಸುವುದರಲ್ಲಿ. ಆನೆಗೊಂದಿಯ ನಮ್ಮ ಮಾಳಿಗೆಯ ಮೇಲಿರುವುದರ ಕನ್ನಡಿ 130 ಮಿಲಿಮೀಟರ್ ಅಗಲ. ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆ 7 ಮಿಲಿಮೀಟರ್. ಲೆಕ್ಕ ಹಾಕಿದರೆ, ಕಣ್ಣಿಗಿಂತ 300 ಪಟ್ಟಿಗೂ ಮಿಕ್ಕಿ ಬೆಳಕು ಅದರಲ್ಲಿ ಕೂಡುತ್ತದೆ.

ಈ ದೂರದರ್ಶಕಕ್ಕೆ ಪುಟ್ಟದೊಂದು ಗಣಕಯಂತ್ರವನ್ನು ಜೋಡಿಸಿದ್ದಾರೆ. ಎರಡು ಮೋಟಾರುಗಳುಂಟು, ಒಂದು ಕೊಳವೆಯನ್ನು ಎಡಬಲಕ್ಕೆ, ಇನ್ನೊಂದು ಮೇಲಕ್ಕೂ ಕೆಳಕ್ಕೂ ತಿರುಗಿಸುತ್ತದೆ. ಕೈಯಲ್ಲಿ ಹಿಡಿಯುವ ಗುಂಡಿಗಳ ಪೆಟ್ಟಿಗೆಯಲ್ಲಿ ಸಾವಿರಾರು ಜ್ಯೋತಿಗಳ ಸ್ಥಾನ ಅಡಕವಾಗಿದೆ. ಶನಿಯನ್ನು ತೋರು ಎಂದರೆ ಗುರುಗುಟ್ಟುತ್ತ ತಾನೇ ತಿರುಗಿ ಶನಿಯ ಎದುರು ನಿಲ್ಲುತ್ತದೆ. ನಿಂತ ಮೇಲೂ ಗಂಟೆಗೆ 15 ಡಿಗ್ರಿ ಸರಿಯುವ ಆಕಾಶದ ಬೆನ್ನು ಬಿಡುವುದಿಲ್ಲ. ಮಕ್ಕಳು ಸಾಲುಗಟ್ಟಿದಾಗ ಇದರ ಬೆಲೆ ತಿಳಿಯುತ್ತದೆ. ಕೈಯಿಂದ ತಿರುಗಿಸುವ ದುರ್ಬೀನಿನಲ್ಲಾದರೆ ಮೂರನೆಯ ಹುಡುಗ ಬಗ್ಗುವಷ್ಟರಲ್ಲಿ ಶನಿ ಜಾರಿಹೋಗಿರುತ್ತಾನೆ.

ಇಷ್ಟು ಜಾಣ ಯಂತ್ರವೂ ಸಂಜೆ ಎಚ್ಚರಗೊಂಡಾಗ ಕುರುಡೇ. ಊರಿನ ಅಕ್ಷಾಂಶ, ರೇಖಾಂಶ, ಕಾಲ ಇವನ್ನು ಅದಕ್ಕೆ ಹೇಳಿಕೊಡಬೇಕು. ಪಂಚಾಂಗ ಬರೆಯುವವರು ಕೇಳುತ್ತ ಬಂದುದೂ ಇವನ್ನೇ ಅಲ್ಲವೆ? ನಮ್ಮ ಗಡಿಯಾರಗಳು ನಡೆಯುವುದು 82½ ಡಿಗ್ರಿ ರೇಖೆಯ ಕಾಲದಲ್ಲಿ. ಆನೆಗೊಂದಿ ಅದಕ್ಕೆ 6 ಡಿಗ್ರಿ ಪಶ್ಚಿಮದಲ್ಲಿರುವುದರಿಂದ, ಆಕಾಶದ ಲೆಕ್ಕದಲ್ಲಿ 24 ನಿಮಿಷ ಹಿಂದು. ಈ ದೇಶಾಂತರದ ಗಣಿತವನ್ನು ಯಂತ್ರ ತಾನೇ ಮಾಡಿಕೊಳ್ಳುತ್ತದೆ. ಆದರೆ ಇಷ್ಟಾದ ಮೇಲೂ ನಾವೇ ಎರಡು ನಕ್ಷತ್ರಗಳನ್ನು ಗುರುತಿಸಿ, ಇದು ಇಂಥದು ಎಂದು ತೋರಿಸಿಕೊಡಬೇಕು. ಸ್ವಾತಿ ಯಾವುದು, ಚಿತ್ರಾ ಯಾವುದು ಎಂದರಿಯದವರ ಮನೆಯಲ್ಲಿ ಇದು ದುಬಾರಿ ಆಟಿಕೆ. ಗುಂಡಿಯೊತ್ತಿದೊಡನೆ ವಿದ್ಯೆ ಬರುವಂತಿದ್ದರೆ ನಮ್ಮಂಥ ಮಾಸ್ತರರ ಗತಿಯೇನು!

ಹೆಸರಿನದೂ ಒಂದು ತೊಡಕು. ಪೆಟ್ಟಿಗೆಗೆ ಸ್ವಾತಿಯೆಂದರೆ ತಿಳಿಯದು, ಆರ್ಕ್ಟರಸ್ ಎನ್ನಬೇಕು. ಅಭಿಜಿತ್ ಅದಕ್ಕೆ ವೇಗಾ, ಶ್ರವಣ ಆಲ್ಟೇರ್, ರೋಹಿಣಿ ಆಲ್ಡೆಬರಾನ್. ಈ ಕಡೆಯ ಮೂರೂ ಅರಬ್ಬೀ ಮೂಲದ ಶಬ್ದಗಳು. ಆಲ್ಡೆಬರಾನ್ ಎಂದರೆ ಹಿಂಬಾಲಿಸುವುದು. ಕೃತ್ತಿಕೆಯ ಹಿಂದೆಯೇ ಮೂಡುವುದರಿಂದ ಆ ಹೆಸರು. ಎರಡು ಬಗೆಯ ಹೆಸರುಗಳನ್ನೂ ಎದುರುಬದುರಾಗಿ ಬರೆದ ಪಟ್ಟಿಯನ್ನು ಮಕ್ಕಳು ಮಾಳಿಗೆಯ ಬಾಗಿಲಿಗೆ ಅಂಟಿಸಿದ್ದಾರೆ.

ಊರಿನ ಗುಣವನ್ನೂ ಅರಿತಿರಬೇಕು. ಧ್ರುವ ನಮ್ಮಲ್ಲಿ ದಿಗಂತದಿಂದ 15 ಡಿಗ್ರಿಯಷ್ಟೇ ಎತ್ತರ, ಬಂಡೆಗುಡ್ಡದ ಮರೆ. ಧ್ರುವನ ಕಡೆಗೇ ಅಚ್ಚನ್ನು ಹೂಡಬೇಕಾದ ಪೀಠಗಳಿಗೆ ಇದು ತೊಂದರೆ. ಈ ಯಂತ್ರಕ್ಕೆ ಧ್ರುವನ ಹಂಗಿಲ್ಲ. ಬೇಸಿಗೆಯಲ್ಲಿ ಕಾದ ಬಂಡೆಗಳು ಬಹಳ ಹೊತ್ತು ಬಿಸಿಯುಗುಳುವುದರಿಂದ ಗುರುಗ್ರಹದ ಪಟ್ಟೆಗಳು ನೀರಿನೊಳಗಿನ ಬಿಂಬದಂತೆ ನಡುಗುತ್ತವೆ. ಚಳಿಗಾಲದಲ್ಲಿ ಹೊಳೆಯ ತೇವ, ಗದ್ದೆಯ ತೇವ ಸೇರಿ ಕೊಳವೆಯ ಮೇಲೆ ಇಬ್ಬನಿ ಕೂರುತ್ತದೆ; ಆದರೂ ಆ ಕಾಲವೇ ಲೇಸು. ಹಗಲಿನಲ್ಲಿ ಮುಚ್ಚಳ ತೆಗೆಯತಕ್ಕದ್ದಲ್ಲ. ಸೂರ್ಯನಿಗೆಂದೇ ಮಾಡಿದ ಫಿಲ್ಟರು ಇಲ್ಲದೆ ಅತ್ತ ಇಣುಕಿದರೆ ಕ್ಷಣದಲ್ಲಿ ಕಣ್ಣು ಹೋದೀತು.

ನಮ್ಮ ಸೀಮೆಯ ಒಕ್ಕಲುಮಕ್ಕಳಿಗೆ ನಕ್ಷತ್ರಗಳೆಂದರೆ ಮಳೆಯ ಹೆಸರುಗಳು: ರೋಹಿಣಿ, ಮಿರಗ, ಆರಿದ್ರ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಚೋದ್ಯವೆಂದರೆ, ರೋಹಿಣಿ ಮಳೆಯ ದಿನಗಳಲ್ಲಿ ಮೋಡವಿಲ್ಲದಿದ್ದರೂ ರೋಹಿಣಿ ಕಾಣದು. ಮೇ ತಿಂಗಳ ಕೊನೆಗೆ ಸೂರ್ಯನೇ ಅದರ ಬಳಿ ಇರುತ್ತಾನೆ. ಅವನೊಡನೆ ಮೂಡಿ, ಅವನೊಡನೆ ಮುಳುಗುತ್ತದೆ. ಹೆಸರು ನಾಲಗೆಯ ಮೇಲೆ ಉಳಿದು ನಕ್ಷತ್ರ ಕಣ್ಮರೆಯಾದುದಕ್ಕೆ ಇದೂ ಒಂದು ಕಾರಣವಿದ್ದೀತು.

ಮಾಘಮಾಸದ ಒಂದು ಸಂಜೆ ನೆರೆಯ ಹಿರಿಯರೊಬ್ಬರು ಬಂದರು. ಎಪ್ಪತ್ತು ದಾಟಿದ ರೈತರು. ರೋಹಿಣಿ ಆಗ ನೆತ್ತಿಯ ಮೇಲಿತ್ತು. ಎಷ್ಟು ದೊಡ್ಡ ಕನ್ನಡಿಯಲ್ಲಿಯೂ ನಕ್ಷತ್ರ ಚುಕ್ಕೆಯೇ. ಆದರೆ ಅದರ ಕೆಂಡದ ಬಣ್ಣ ಸೊಗಸಾಗಿ ತೋರುತ್ತದೆ. ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಈಕಿ ಹೆಸರ್ಲೇ ಬಿತ್ತಿಗಿ ಮಾಡೀವ್ರಿ ಮಾಸ್ತರ್ರ, ಈಕಿ ಮಾರಿ ನೋಡಿದ್ದು ಇವತ್ತ" ಎಂದರು. ಬಳಿಕ ಮಿರಗ ತೋರಿಸೆಂದರು, ಆರಿದ್ರ ತೋರಿಸೆಂದರು. ಅಲ್ಲಿಂದ ತುಸು ಕೆಳಗೆ, ಸುಮಾರು 1,300 ಜ್ಯೋತಿರ್ವರ್ಷ ದೂರದ ಒಂದು ಮಂಜಿನ ಮೊತ್ತವಿದೆ. ಛಾಯಾಚಿತ್ರಗಳಲ್ಲಿ ಗುಲಾಬಿ ಬಣ್ಣ, ಕಣ್ಣಿಗೆ ಬರೀ ಬೂದಿ ಬಣ್ಣ. ಹೊಸ ನಕ್ಷತ್ರಗಳು ಹುಟ್ಟುವ ಜಾಗವದು ಎಂದೆ.

ನಾಳೆ ಮನೆಯವರನ್ನೂ ಕರೆತರುವುದಾಗಿ ಹೇಳಿ, ಇದೇ ಹೊತ್ತಿಗೆ ಬಂದರಾದೀತೆ ಎಂದು ಕೇಳಿದರು. ನಾಲ್ಕು ನಿಮಿಷ ಮೊದಲೇ ಬನ್ನಿರೆಂದೆ. ನಕ್ಷತ್ರಗಳು ದಿನಕ್ಕೆ ಅಷ್ಟಷ್ಟೇ ಮುಂದಾಗುತ್ತ ಹೋಗಿ, ಬಿತ್ತನೆಯ ಹೊತ್ತಿಗೆ ರೋಹಿಣಿ ಮತ್ತೆ ಸೂರ್ಯನ ಮರೆ ಸೇರುತ್ತದೆ.