ಆಂಡ್ರಾಯ್ಡೋ ಐಫೋನೋ: ಕೊಳ್ಳುವ ಮೊದಲು ಕೇಳಬೇಕಾದ್ದು

ಹೊಸ ಫೋನು ಕೊಳ್ಳಲು ಅಂಗಡಿಗೆ ಹೋದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮೆಮೊರಿ ಎಷ್ಟು ಜಿಬಿ ಎಂಬ ವಿವರವೆಲ್ಲ ಕೇಳದೆಯೇ ಸಿಗುತ್ತದೆ. ಆ ಫೋನನ್ನು ಒಳಗಿನಿಂದ ನಡೆಸುವ ಆಪರೇಟಿಂಗ್ ಸಿಸ್ಟಂ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬೆರಳು ತಾಗಿಸಿದಾಗ ಕರೆ ಹೋಗುವುದು, ಕ್ಯಾಮೆರಾ ತೆರೆದುಕೊಳ್ಳುವುದು, ಯಾವ ಆಪ್ ನಮ್ಮ ಸಂದೇಶಗಳನ್ನು ಓದಬಹುದು, ಯಾವುದು ಓದಬಾರದು ಎಂದು ತೀರ್ಮಾನವಾಗುವುದು ಎಲ್ಲವೂ ಅದರ ಕೆಲಸ. ಇವತ್ತು ಆ ಕಣದಲ್ಲಿ ಉಳಿದಿರುವ ದೊಡ್ಡ ಸ್ಪರ್ಧಿಗಳು ಎರಡೇ. ಒಂದು ಗೂಗಲ್ಲಿನ ಆಂಡ್ರಾಯ್ಡ್, ಇನ್ನೊಂದು ಆಪಲ್ಲಿನ ಐಓಎಸ್.

ಸ್ಟೀವ್ ಜಾಬ್ಸ್ 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಮೊದಲ ಐಫೋನನ್ನು ಎತ್ತಿ ತೋರಿಸಿದರು. ಆಂಡ್ರಾಯ್ಡ್ 2003ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹುಟ್ಟಿದ ಪುಟ್ಟ ಕಂಪನಿ. ಗೂಗಲ್ 2005ರಲ್ಲಿ ಅದನ್ನು ಕೊಂಡುಕೊಂಡಿತು, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂತು. ಆಪಲ್ ತನ್ನ ಐಓಎಸ್ಸನ್ನು ತನ್ನ ಫೋನುಗಳಿಗೆ ಮಾತ್ರ ಇಟ್ಟುಕೊಂಡಿತು. ಗೂಗಲ್ ಆಂಡ್ರಾಯ್ಡಿನ ಮೂಲವನ್ನು ಮುಕ್ತವಾಗಿಟ್ಟು, ಫೋನ್ ತಯಾರಿಸುವ ಯಾರು ಬೇಕಾದರೂ ಬಳಸಿಕೊಳ್ಳಿ ಎಂದಿತು. ಭಾರತದಲ್ಲಿ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್ ಆಗಿರುವುದಕ್ಕೆ, ಕೆಲವೇ ಸಾವಿರ ರೂಪಾಯಿಗೆ ಸ್ಮಾರ್ಟ್‌ಫೋನ್ ಸಿಗುವುದಕ್ಕೆ ಈ ತೀರ್ಮಾನವೇ ಕಾರಣ. ನಾನು ಮುಂದೆ ಹೇಳುವ ವ್ಯತ್ಯಾಸಗಳ ಬೇರು ಕೂಡ ಇಲ್ಲಿಯೇ ಇದೆ.

ನೋಕಿಯಾದ ಸಿಂಬಿಯನ್, ಬ್ಲ್ಯಾಕ್‌ಬೆರಿ, ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಎಲ್ಲವೂ ಈ ಹಾದಿಯಲ್ಲಿ ಬಂದು ಹೋದವು. ವಿಂಡೋಸ್ ಫೋನ್ ನೋಡಲು ಚೆನ್ನಾಗಿತ್ತು, ಕಡಿಮೆ ಬೆಲೆಯ ಯಂತ್ರದಲ್ಲಿಯೂ ಚುರುಕಾಗಿ ಓಡುತ್ತಿತ್ತು. ಆದರೆ ಆಪ್ ಬರೆಯುವವರು ಅತ್ತ ಬರಲಿಲ್ಲ, ಆಪ್ ಇಲ್ಲವೆಂದು ಜನರೂ ಬರಲಿಲ್ಲ.

ಇನ್ನು ಸೌಲಭ್ಯಗಳ ಹೋಲಿಕೆ. ಇದಕ್ಕೆ ಹೆಚ್ಚು ಸಮಯ ಕೊಡಲಾರೆ, ಏಕೆಂದರೆ ಇಂಥ ಪಟ್ಟಿ ಒಂದು ವರ್ಷದಲ್ಲಿ ಹಳತಾಗುತ್ತದೆ. ಮೇಲಿನಿಂದ ಬೆರಳೆಳೆದರೆ ಸೂಚನೆಗಳ ಪರದೆ ಇಳಿಯುತ್ತದಲ್ಲ, ಅದು ಮೊದಲು ಆಂಡ್ರಾಯ್ಡಿನಲ್ಲಿತ್ತು, 2011ರಲ್ಲಿ ಐಫೋನಿಗೂ ಬಂತು. ಯಾವುದೋ ಆಪ್ ಕ್ಯಾಮೆರಾ ಅಥವಾ ಮೈಕ್ ಬಳಸುತ್ತಿದ್ದರೆ ಮೇಲ್ಗಡೆ ಬಣ್ಣದ ಗುರುತು ಕಾಣಿಸುವ ಏರ್ಪಾಡು 2020ರಲ್ಲಿ ಐಫೋನಿಗೆ ಬಂತು, ಮರುವರ್ಷ ಆಂಡ್ರಾಯ್ಡಿಗೂ ಬಂತು. ಒಬ್ಬರದನ್ನು ನೋಡಿ ಇನ್ನೊಬ್ಬರು ಕಲಿಯುತ್ತಲೇ ಇದ್ದಾರೆ, ಬಳಸುವ ನಮಗೆ ಅದರಿಂದ ಲಾಭವೇ. ಕೊಳ್ಳುವ ಮೊದಲು ವಿಚಾರಿಸಬೇಕಾದದ್ದು, ಇಷ್ಟು ಬೇಗ ಬದಲಾಗದ ಮೂರು ಸಂಗತಿಗಳನ್ನು: ಹೊರಗಿನ ಆಪ್ ಒಳಗೆ ಬರುವುದು ಯಾರ ಅಪ್ಪಣೆಯಿಂದ, ಫೋನಿಗೆ ಸುರಕ್ಷತೆಯ ರಿಪೇರಿ ಎಷ್ಟು ವರ್ಷ ಸಿಗುತ್ತದೆ, ಅದು ಕನ್ನಡವನ್ನು ಹೇಗೆ ನಡೆಸಿಕೊಳ್ಳುತ್ತದೆ.

ಮೊದಲನೆಯದು ಅಪ್ಪಣೆ. ಎರಡೂ ವ್ಯವಸ್ಥೆಗಳಲ್ಲಿ ಆಪ್‌ಗಳ ಬದುಕು ವಠಾರದ ಮನೆಗಳಂತೆ. ಪ್ರತಿಯೊಂದಕ್ಕೂ ಅದರದೇ ಗೋಡೆ, ಅದರದೇ ಬೀಗ. ಪಕ್ಕದ ಮನೆಗೆ, ಅಂದರೆ ನಿಮ್ಮ ಫೋಟೋಗಳಿಗೆ, ಸಂಪರ್ಕ ಪಟ್ಟಿಗೆ, ಸಂದೇಶಗಳಿಗೆ ಕೈ ಹಾಕಬೇಕಾದರೆ ನಿಮ್ಮ ಅನುಮತಿ ಬೇಕು. ಆಂಡ್ರಾಯ್ಡಿನಲ್ಲಿ 2015ರವರೆಗೆ ಆಪ್ ಹಾಕಿಕೊಳ್ಳುವಾಗಲೇ ಎಲ್ಲಕ್ಕೂ ಒಟ್ಟಿಗೆ ಒಪ್ಪಬೇಕಿತ್ತು. ಆ ವರ್ಷ ಬಂದ ಮಾರ್ಷ್‌ಮೆಲೋ ಆವೃತ್ತಿಯಿಂದ ಒಂದೊಂದಕ್ಕೂ ಬೇರೆಬೇರೆಯಾಗಿ ಕೇಳುವ ಪದ್ಧತಿ ಬಂತು.

ಐಫೋನಿಗೆ ಆಪ್ ಬರುವ ಬಾಗಿಲು ನಮ್ಮ ದೇಶದಲ್ಲಿ ಒಂದೇ, ಆಪಲ್ಲಿನ ಆಪ್ ಸ್ಟೋರ್. ಯುರೋಪಿನ ಒಕ್ಕೂಟ ಕಾನೂನು ಮಾಡಿ 2024ರಲ್ಲಿ ಅಲ್ಲಿ ಬೇರೆ ಬಾಗಿಲನ್ನೂ ತೆರೆಸಿತು. ಆಂಡ್ರಾಯ್ಡಿನಲ್ಲಿ ಪ್ಲೇ ಸ್ಟೋರ್ ಅಲ್ಲದೆ ಎಪಿಕೆ ಎಂಬ ಕಡತದ ರೂಪದಲ್ಲಿ ಎಲ್ಲಿಂದ ಬೇಕಾದರೂ ಆಪ್ ತಂದು ಹಾಕಿಕೊಳ್ಳಬಹುದು. ಈ ಸ್ವಾತಂತ್ರ್ಯ ನನಗೆ ಇಷ್ಟ. ಯಾವುದೋ ಒಂದು ಕಂಪನಿಯ ಮರ್ಜಿ ಕಾಯದೆ, ವಿದ್ಯಾರ್ಥಿಯೊಬ್ಬ ತಾನು ಬರೆದ ಆಪನ್ನು ಗೆಳೆಯರ ಫೋನಿಗೆ ಹಾಕಿಕೊಡಬಹುದು. ಆದರೆ ವಂಚಕರು ನುಗ್ಗುತ್ತಿರುವುದೂ ಇದೇ ಬಾಗಿಲಿನಿಂದ. ವಾಟ್ಸ್ಆಪಿನಲ್ಲಿ ಮದುವೆಯ ಕರೆಯೋಲೆ ಬರುತ್ತದೆ, ಅಥವಾ ಟ್ರಾಫಿಕ್ ದಂಡದ ಚಲನ್ ಎಂದು ಬರುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆ ಎಪಿಕೆ ಎಂದಿರುತ್ತದೆ. ಒತ್ತಿದರೆ ಫೋನು ಒಮ್ಮೆ ಎಚ್ಚರಿಸುತ್ತದೆ, ಅವಸರದಲ್ಲಿ ನಾವು ಸರಿ ಎನ್ನುತ್ತೇವೆ. ಆ ಆಪ್ ಸಂದೇಶ ಓದಲು ಅನುಮತಿ ಕೇಳುತ್ತದೆ, ಅದಕ್ಕೂ ಸರಿ ಎನ್ನುತ್ತೇವೆ. ಅಲ್ಲಿಂದ ಮುಂದೆ ಬ್ಯಾಂಕು ಕಳಿಸುವ ಓಟಿಪಿ ನಮಗೆ ಕಾಣುವ ಹೊತ್ತಿಗೆ ವಂಚಕರಿಗೂ ಕಂಡಿರುತ್ತದೆ. ಮದುವೆಗೆ ಕರೆಯುವವರು ಚಿತ್ರ ಕಳಿಸುತ್ತಾರೆ, ಪಿಡಿಎಫ್ ಕಳಿಸುತ್ತಾರೆ. ಕರೆಯೋಲೆ ಓದಲು ಯಾವ ಆಪನ್ನೂ ಹಾಕಿಕೊಳ್ಳಬೇಕಾಗಿಲ್ಲ. ಇಂಥ ಆಪ್‌ಗಳನ್ನು ಹಾಕಿಕೊಳ್ಳುವಾಗಲೇ ಜಾಲಾಡುವ ಹೊಸ ತಪಾಸಣೆಯನ್ನು ಗೂಗಲ್ 2023ರಲ್ಲಿ ಮೊದಲು ಭಾರತದಲ್ಲಿಯೇ ಶುರುಮಾಡಿತು. ಅಷ್ಟರ ಮಟ್ಟಿಗೆ ಈ ಪಿಡುಗು ನಮ್ಮಲ್ಲಿ ಬೆಳೆದಿದೆ. ಐಫೋನ್ ಇಟ್ಟುಕೊಂಡವರು ಈ ಒಂದು ಮೋಸದಿಂದ ಬಹುಮಟ್ಟಿಗೆ ಪಾರು. ಫೋನ್ ಮಾಡಿ ಓಟಿಪಿ ಕೇಳುವವರಿಂದ ಮಾತ್ರ ಯಾವ ಓಎಸ್ ಕೂಡ ಕಾಪಾಡಲಾರದು. ಹಣ ಹೋಯಿತೆಂದು ಗೊತ್ತಾದ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ.

ಎರಡನೆಯದು ರಿಪೇರಿ. ತಂತ್ರಾಂಶದಲ್ಲಿ ತೂತುಗಳು ಸಿಗುತ್ತಲೇ ಇರುತ್ತವೆ, ತಯಾರಕರು ಮುಚ್ಚುತ್ತಲೇ ಇರಬೇಕು. 2015ರಲ್ಲಿ ಆಂಡ್ರಾಯ್ಡಿನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಸಿಕ್ಕಿತು. ಒಂದು ವಿಡಿಯೋ ಸಂದೇಶ ಬಂದರೆ ಸಾಕು, ಫೋನಿನೊಳಗೆ ನುಗ್ಗಲು ದಾರಿಯಾಗುತ್ತಿತ್ತು. ಅದಾದ ಮೇಲೆಯೇ ಗೂಗಲ್ ತಿಂಗಳಿಗೊಮ್ಮೆ ಸುರಕ್ಷತಾ ಅಪ್‌ಡೇಟ್ ಹೊರಡಿಸಲು ತೊಡಗಿದ್ದು. ಆದರೆ ಗೂಗಲ್ ಹೊರಡಿಸಿದ್ದು ನಿಮ್ಮ ಕೈಗೆ ತಲುಪಬೇಕಾದರೆ ಚಿಪ್ ಮಾಡುವವರು, ಫೋನ್ ಮಾಡುವವರು ಇಬ್ಬರೂ ಅದನ್ನು ತಮ್ಮ ಯಂತ್ರಕ್ಕೆ ಹೊಂದಿಸಿ ಪರೀಕ್ಷಿಸಬೇಕು. ಹೊಸ ಮಾದರಿ ಮಾರುವ ಆತುರದಲ್ಲಿರುವ ಕಂಪನಿಗೆ ಎರಡು ವರ್ಷದ ಹಿಂದಿನ ಅಗ್ಗದ ಫೋನಿನ ಮೇಲೆ ಅಷ್ಟು ಕಾಳಜಿ ಎಲ್ಲಿಂದ ಬರಬೇಕು? ಆಪಲ್ಲಿಗೆ ಈ ತೊಡಕಿಲ್ಲ, ಫೋನೂ ಅದರದೇ, ತಂತ್ರಾಂಶವೂ ಅದರದೇ. 2013ರಲ್ಲಿ ಬಿಡುಗಡೆಯಾದ ಐಫೋನ್ 5ಎಸ್ ಮಾದರಿಗೆ 2023ರ ಜನವರಿಯಲ್ಲಿಯೂ ಸುರಕ್ಷತಾ ಅಪ್‌ಡೇಟ್ ಬಂತು. ಆಂಡ್ರಾಯ್ಡಿನ ಕಡೆ ಪರಿಸ್ಥಿತಿ ಈಚೆಗೆ ಸುಧಾರಿಸಿದೆ. ಗೂಗಲ್ ಪಿಕ್ಸೆಲ್ 8ಕ್ಕೆ 2023ರಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ 24ಕ್ಕೆ 2024ರಲ್ಲಿ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿವೆ. ಇವು ದುಬಾರಿ ಫೋನುಗಳು. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ಹತ್ತು, ಹದಿನೈದು ಸಾವಿರದ ಫೋನುಗಳಲ್ಲಿ ಈ ಅವಧಿ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು: ಈ ಫೋನಿಗೆ ಸುರಕ್ಷತಾ ಅಪ್‌ಡೇಟ್ ಯಾವ ವರ್ಷದವರೆಗೆ?

ಇನ್ನು ಕನ್ನಡ. ಮೊದಲ ಕೆಲವು ವರ್ಷ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಅಕ್ಷರ ಕಂಡರೂ ಒತ್ತು ಕಳಚಿ ಬಿದ್ದಿರುತ್ತಿತ್ತು. ಕಾರಣ ಇಷ್ಟು: 'ರಾಷ್ಟ್ರ' ಎಂಬುದನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ. ಫೋನಿನೊಳಗೆ ಅದು ಏಳು ಸಂಕೇತಗಳ ಸಾಲು: ರ, ದೀರ್ಘದ ಗುರುತು, ಷ, ಅರ್ಧಾಕ್ಷರದ ಗುರುತು, ಟ, ಮತ್ತೆ ಅರ್ಧಾಕ್ಷರದ ಗುರುತು, ರ. ಟ ಮತ್ತು ರ ಒತ್ತಾಗಿ ಷಕಾರದ ಕೆಳಗೂ ಪಕ್ಕಕ್ಕೂ ಕೂರಬೇಕೆಂದು ಲೆಕ್ಕ ಹಾಕಿ ಜೋಡಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ಹೊಣೆ. ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಇಟ್ಟರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು, ಕನ್ನಡಕ್ಕೆ ಅದು ಸಾಲದು. ಆಂಡ್ರಾಯ್ಡಿನಲ್ಲಿ 2012ರ ನಂತರ ಇದು ನೆಟ್ಟಗಾಗುತ್ತ ಬಂತು. 2014ರ ಲಾಲಿಪಾಪ್ ಆವೃತ್ತಿಯಲ್ಲಿ ಮೆನು, ಸೆಟ್ಟಿಂಗ್ಸ್ ಎಲ್ಲವನ್ನೂ ಕನ್ನಡದಲ್ಲಿಯೇ ಇಟ್ಟುಕೊಳ್ಳುವ ಅನುಕೂಲ ಬಂತು. ಹೊರಗಿನವರು ಮಾಡಿದ ಕೀಲಿಮಣೆ ಹಾಕಿಕೊಳ್ಳಲು ಆಂಡ್ರಾಯ್ಡ್ 2009ರಲ್ಲೇ ಅವಕಾಶ ಕೊಟ್ಟಿತ್ತು, ಹಾಗಾಗಿ ಕನ್ನಡಿಗರೇ ಕನ್ನಡ ಕೀಲಿಮಣೆಗಳನ್ನು ಮಾಡಿ ಹಂಚಿದರು. ಐಫೋನಿನಲ್ಲಿ ಆ ಅವಕಾಶ ಸಿಕ್ಕಿದ್ದು 2014ರಲ್ಲಿ.

ಅಕ್ಷರಗಳ ಅಂದದಲ್ಲಿ ಆಪಲ್ ಹಿಂದಿಲ್ಲ. ಮಲೇಷ್ಯಾದ ಮುತ್ತು ನೆಡುಮಾರನ್ ರೂಪಿಸಿದ 'ಕನ್ನಡ ಸಂಗಮ್' ಅಕ್ಷರಶೈಲಿ ಸಣ್ಣ ಪರದೆಯಲ್ಲಿಯೂ ಸೊಗಸಾಗಿ ಓದಿಸಿಕೊಳ್ಳುತ್ತದೆ. ಆದರೆ ಐಫೋನಿನ ಮೆನು ಪೂರ್ತಿ ಕನ್ನಡದಲ್ಲಿ ಸಿಕ್ಕಿದ್ದು 2025ರ ಐಓಎಸ್ 18.4 ಆವೃತ್ತಿಯಲ್ಲಿ, ಆಂಡ್ರಾಯ್ಡಿಗಿಂತ ಹತ್ತು ವರ್ಷ ಮೀರಿ ತಡವಾಗಿ. ಬೆಂಗಳೂರಿನ ಪೀಣ್ಯದಲ್ಲಿ 2017ರಿಂದಲೇ ಐಫೋನ್ ಜೋಡಣೆಯಾಗುತ್ತಿತ್ತು. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ಇಲ್ಲಿನ ಹೆಣ್ಣುಮಕ್ಕಳು, ಗಂಡುಮಕ್ಕಳು ಕೈಯಾರೆ ಜೋಡಿಸಿದ ಫೋನು ಅಷ್ಟು ವರ್ಷ ಅವರ ಭಾಷೆಯಲ್ಲಿ ಒಂದು ಸೆಟ್ಟಿಂಗನ್ನೂ ತೋರಿಸಲಿಲ್ಲ ಎಂಬುದು ನನ್ನನ್ನು ಬಹಳ ನೋಯಿಸಿದ ಸಂಗತಿ. ಈಗಲಾದರೂ ಬಂದಿದೆ. ಬಳಸುವವರು ಇದ್ದರೆ ಮಾತ್ರ ಅದು ಬೆಳೆಯುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಣಕ್ಕೆ ತೊಂದರೆಯಿಲ್ಲ, ಆರೇಳು ವರ್ಷ ಒಂದೇ ಫೋನು ಬಳಸುತ್ತೇನೆ, ಅದರೊಳಗೆ ಏನನ್ನೂ ಬದಲಿಸುವ ಗೊಡವೆ ಬೇಡ ಎನ್ನುವವರಿಗೆ ಐಫೋನ್ ಸರಿ. ಉಳಿದ ಬಹುಪಾಲು ಜನರಿಗೆ ಹೆಚ್ಚು ವರ್ಷದ ಅಪ್‌ಡೇಟ್ ಮಾತು ಕೊಟ್ಟಿರುವ ಮಧ್ಯಮ ಬೆಲೆಯ ಆಂಡ್ರಾಯ್ಡ್ ಧಾರಾಳವಾಗಿ ಸಾಕು. ಐಫೋನಿಗಾಗಿ ಸಾಲ ಮಾಡಬೇಡಿ.

ಈಗ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನಿನ ಕುರಿತ ಭಾಗಕ್ಕೆ ಹೋಗಿ ನೋಡಿ. ಅಲ್ಲಿ, ಅಥವಾ ಆಂಡ್ರಾಯ್ಡ್ ಆವೃತ್ತಿಯ ಸಾಲನ್ನು ಒತ್ತಿದಾಗ, ಸುರಕ್ಷತಾ ಅಪ್‌ಡೇಟಿನ ದಿನಾಂಕ ಕಾಣುತ್ತದೆ. ಅದು ಕೆಲವು ತಿಂಗಳು ಹಳೆಯದಾಗಿದ್ದರೆ ಹೊಸ ಅಪ್‌ಡೇಟ್ ಬಂದಿದೆಯೇ ಎಂದು ಹುಡುಕಿ ಹಾಕಿಕೊಳ್ಳಿ. ಒಂದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸದು ಯಾವುದೂ ಬಂದಿಲ್ಲವೆಂದರೆ, ದಯವಿಟ್ಟು ಆ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳಬೇಡಿ.