ಗಾಜಿನ ತೊಟ್ಟಿಯೊಳಗೊಂದು ಕೊಳ



ಅಂಗಡಿಯಿಂದ ಗಾಜಿನ ತೊಟ್ಟಿ, ಒಂದಿಷ್ಟು ಬಣ್ಣದ ಕಲ್ಲು, ನಾಲ್ಕಾರು ಮೀನು ತಂದು ಅದೇ ಸಂಜೆ ನೀರು ತುಂಬಿಸಿ ಮೀನು ಬಿಡುವವರು ಬಹಳ ಮಂದಿ. ಮೊದಲ ಕೆಲವು ದಿನ ಎಲ್ಲವೂ ಚೆಂದ. ಆಮೇಲೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ, ಒಂದೊಂದಾಗಿ ಸಾಯುತ್ತವೆ. 'ಮೀನು ನಮ್ಮ ಮನೆಗೆ ಆಗಿಬರುವುದಿಲ್ಲ' ಎಂದು ಹಿರಿಯರು ತೀರ್ಮಾನಿಸಿ ತೊಟ್ಟಿಯನ್ನು ಅಟ್ಟಕ್ಕೇರಿಸುತ್ತಾರೆ. ಈ ಸಾವಿಗೆ ಕಾರಣವನ್ನು ನಿಮ್ಮ ರಸಾಯನಶಾಸ್ತ್ರದ ಪಠ್ಯದಲ್ಲಿಯೇ ಹುಡುಕಬಹುದು.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಉಂಟಾಗುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ವಿಷವಿರಬಹುದು. ನಮ್ಮ ದೂರದರ್ಶನದ ಕ್ಯಾಮರಾಕ್ಕೂ ಅದು ಕಾಣುವುದಿಲ್ಲ. ಕೆರೆ, ಕೊಳಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟು ಅಪಾಯಕಾರಿಯಲ್ಲ. ಗಿಡಗಳಿಗಂತೂ ಅದು ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ಇರುವುದಿಲ್ಲ. ಅವು ನೆಲೆಯೂರಲು 4ರಿಂದ 6 ವಾರ ಬೇಕು. ಮೀನು ಸಾಯುವುದು ಈ ನಡುವಿನ ಅವಧಿಯಲ್ಲಿ.

ಗಿಡಗಳ ಮಹತ್ವವನ್ನು ಪ್ರಯೋಗ ಮಾಡಿ ತೋರಿಸಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರ ಸುಮಾರಿಗೆ ಅವರು ಒಂದು ತೊಟ್ಟಿಯಲ್ಲಿ ಎರಡು ಗೋಲ್ಡ್ ಫಿಶ್‌ಗಳನ್ನೂ ವ್ಯಾಲಿಸ್ನೇರಿಯ ಗಿಡವನ್ನೂ ಇಟ್ಟರು. ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಸೇರಿಸಿದರು. ಹುಳುಗಳು ಕೊಳೆತುದನ್ನು ತಿಂದವು, ನೀರು ಸರಿಹೋಯಿತು. ನಾವು ಕಟ್ಟಬೇಕಾದ ತೊಟ್ಟಿಯ ತತ್ತ್ವವೂ ಇದೇ.

ಈಗ ಕೆಲಸಕ್ಕೆ ಬರೋಣ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿ ಹೊಸಬರಿಗೆ ಅನುಕೂಲ. ಅದು ಸುಮಾರು 65 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು ಸೇರಿದರೆ ತೂಕ 80 ಕಿಲೋ ಮುಟ್ಟುತ್ತದೆ. ಆದುದರಿಂದ ಮೇಜು ಗಟ್ಟಿಯಾಗಿರಲಿ, ಮಟ್ಟಸವಾಗಿರಲಿ. ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಬೆಳೆಯುತ್ತದೆ.

ತಳಕ್ಕೆ ಬಣ್ಣದ ಕಲ್ಲು ಬೇಡ. 2-3 ಮಿಲಿಮೀಟರ್ ಗಾತ್ರದ ಸಣ್ಣ ಕಲ್ಲನ್ನು ಚೆನ್ನಾಗಿ ತೊಳೆದು, ಮುಂದೆ ಎರಡು ಅಂಗುಲ, ಹಿಂದೆ ಮೂರು ಅಂಗುಲ ಬರುವಂತೆ ಹರಡಿ. ವ್ಯಾಲಿಸ್ನೇರಿಯ, ಹೈಡ್ರಿಲ್ಲ ನಮ್ಮ ನೀರಿನಲ್ಲಿಯೇ ಬೆಳೆಯುವ ಗಿಡಗಳು. ಇವು ಸುಲಭವಾಗಿ ಹಿಡಿಯುತ್ತವೆ. ಜಾವಾ ಫರ್ನ್‌ನ ಕಾಂಡವನ್ನು ಮಾತ್ರ ಹೂಳಬಾರದು, ಕೊಳೆಯುತ್ತದೆ. ಅದನ್ನು ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ. ಬಿಳಿ ಬೆಳಕಿನ ಎಲ್‌ಇಡಿ ದೀಪ ದಿನಕ್ಕೆ 7-8 ಗಂಟೆ ಉರಿದರೆ ಸಾಕು. ಇಂತಹ ಸರಳ ಗಿಡಗಳಿಗೆ ಇಂಗಾಲದ ಡೈ ಆಕ್ಸೈಡಿನ ಸಿಲಿಂಡರ್ ಅಗತ್ಯವಿಲ್ಲ.

ಇನ್ನು ಫಿಲ್ಟರ್. ಕಸ ಹಿಡಿಯುವುದು ಅದರ ಸಣ್ಣ ಕೆಲಸ; ಬ್ಯಾಕ್ಟೀರಿಯಗಳಿಗೆ ಮನೆಯಾಗುವುದು ದೊಡ್ಡ ಕೆಲಸ. ಸ್ಪಂಜಿನ ಸಾವಿರಾರು ರಂಧ್ರಗಳ ಗೋಡೆಗಳಿಗೆ ಅವು ಅಂಟಿಕೊಂಡಿರುತ್ತವೆ, ಹಾದುಹೋಗುವ ನೀರಿನಿಂದ ಅಮೋನಿಯವನ್ನೂ ಆಮ್ಲಜನಕವನ್ನೂ ಪಡೆಯುತ್ತವೆ. ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅಗ್ಗ, ನಂಬಿಕೆಗೆ ಅರ್ಹ. ಮೋಟಾರಿನ ಫಿಲ್ಟರ್ ಕೊಳ್ಳುವುದಾದರೆ ಗಂಟೆಗೆ ತೊಟ್ಟಿಯ ನೀರಿನ ನಾಲ್ಕೈದು ಪಟ್ಟು, ಅಂದರೆ ಸುಮಾರು 300 ಲೀಟರ್, ಹರಿಸುವಂತಹುದನ್ನು ಆರಿಸಿ.

ಎರಡು ಎಚ್ಚರಿಕೆಗಳನ್ನು ಗಮನಿಸಿ. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಇಲ್ಲವಾದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪಿಗೆ ಇಳಿಯಬಹುದು. ವಿದ್ಯುತ್ ತಂತಿಯು ಪ್ಲಗ್ಗಿಗಿಂತ ಕೆಳಗೆ ಜೋಲುಬಿದ್ದು ಮತ್ತೆ ಮೇಲೇರುವಂತಿರಲಿ. ತಂತಿಯ ಮೇಲೆ ಇಳಿದ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ಮುಟ್ಟುವುದಿಲ್ಲ. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಿ.

ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಕ್ಕೂ ಶತ್ರು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನೀರನ್ನೇ ಬಳಸಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತೊಳೆಯುವುದು ಹಲವರ ಅಭ್ಯಾಸ. ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಗಳು ಅದರೊಂದಿಗೆ ಚರಂಡಿ ಸೇರುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಮೆಲ್ಲಗೆ ಹಿಂಡಿ.

ಮೀನು ಬಿಡುವ ಮುನ್ನ ಗಿಡ, ಫಿಲ್ಟರ್ ಮಾತ್ರ ಇರುವ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ. ಅದು ಕೊಳೆತು ಬಂದ ಅಮೋನಿಯವೇ ಬ್ಯಾಕ್ಟೀರಿಯಕ್ಕೆ ಊಟ. ಪರೀಕ್ಷಾ ಕಿಟ್ಟಿನಿಂದ ಅಳೆದು ಪುಸ್ತಕದಲ್ಲಿ ಬರೆದಿಡಿ: ಮೊದಲು ಅಮೋನಿಯ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದಾಗ ತೊಟ್ಟಿ ಸಿದ್ಧ. pH ಅನ್ನೂ ನೋಡಿ. 25 ಡಿಗ್ರಿ ಉಷ್ಣತೆಯಲ್ಲಿ pH 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮೊದಲು ಮೂರು ನಾಲ್ಕು ಸಣ್ಣ ಮೀನು ಮಾತ್ರ ಬಿಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಬೇಸಿಗೆಯಲ್ಲಿ ಬಹಳ ಹೊತ್ತು ಕರೆಂಟು ಇಲ್ಲದಿದ್ದರೆ ಚೊಂಬಿನಿಂದ ನೀರೆತ್ತಿ ಮೇಲಿನಿಂದ ಸುರಿಯಿರಿ. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ.

ಕೊನೆಯ ಮಾತು ಮುಖ್ಯವಾದುದು. ಬೇಸರವಾಯಿತೆಂದು ಮೀನನ್ನಾಗಲಿ ಗಿಡವನ್ನಾಗಲಿ ಕೆರೆಗೆ ಬಿಡಬೇಡಿ. ಗಾಜು ತಿನ್ನುವಂತೆ ಕಾಣುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಭಾರತದ ಹಲವು ನೀರುಗಳಲ್ಲಿ ನೆಲೆಸಿ ಸ್ಥಳೀಯ ಮೀನುಗಳಿಗೆ ಕುತ್ತಾಗಿದೆ. ಬೇಡವಾದುದನ್ನು ಅಂಗಡಿಗೋ ಸ್ನೇಹಿತರಿಗೋ ಕೊಡಿ.

ಒಂದು ತಿಂಗಳು ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕಾಯುವುದು ಕಷ್ಟವೇ. ಆದರೆ ಆ ತಿಂಗಳಲ್ಲಿ ನೀವು ಬರೆದಿಟ್ಟ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ನೋಡಿ. ಕಣ್ಣಿಗೆ ಕಾಣದ ಜೀವಿಗಳು ನಿಮ್ಮ ಮನೆಯಲ್ಲಿ ಕೆಲಸಕ್ಕೆ ತೊಡಗಿದ ದಿನ ಅಲ್ಲಿ ಕಾಣಿಸುತ್ತದೆ.